ಅಪ್‌ಡೇಟ್: 8,600 ಅಂದಿದ್ದ ಸರ್ವಿಸ್ 3,002ಕ್ಕೆ ಮುಗಿಯಿತು

ಹೋದ ವಾರ ಕೇಳಿದ್ದೆನಲ್ಲ, ನನ್ನ 155 ಸಿಸಿ ಸ್ಕೂಟರ್‌ಗೆ 18,000 ಕಿ.ಮೀ. ಸರ್ವಿಸ್ ಅಂತ ಡೀಲರ್ 8,600 ರೂಪಾಯಿ ಎಸ್ಟಿಮೇಟ್ ಕೊಟ್ಟಿದ್ದಾರೆ, ಇದು ಸರಿನಾ ಅಂತ. ನಿನ್ನೆ ಗಾಡಿ ವಾಪಸ್ ಬಂತು.

ನೀವು ಹೇಳಿದ ಹಾಗೆ ಓನರ್ ಮ್ಯಾನುಯಲ್ ಹಿಡಿದುಕೊಂಡೇ ಹೋದೆ. ಟೆಫ್ಲಾನ್ ಕೋಟಿಂಗ್ (ಬಾಡಿಗೆ ಹೊಳಪಿನ ಲೇಪನ), ಇಂಜಿನ್ ಡಿಕಾರ್ಬನೈಸಿಂಗ್ (ಒಳಗಿನ ಮಸಿ ತೆಗೆಯುವುದು) ಎರಡೂ ಅದರಲ್ಲಿ ಇರಲೇ ಇಲ್ಲ. ತೆಗೆಸಿದೆ. ದೊಡ್ಡ ಖರ್ಚು ಇದ್ದದ್ದು ಇಂಜಿನ್‌ನಿಂದ ಹಿಂದಿನ ಚಕ್ರದ ಕಡೆ ಶಕ್ತಿ ಸಾಗಿಸುವ ಬೆಲ್ಟ್ ಮತ್ತು ಅದರ ಜೊತೆಗಿನ ರೋಲರ್‌ಗೆ. ಬಿಚ್ಚಿ ತೋರಿಸಿ, ಆಮೇಲೆ ಬದಲಾಯಿಸೋಣ ಅಂದೆ. ಸೂಪರ್‌ವೈಸರ್ ಮುಖ ಗಂಟಿಕ್ಕಿದರು, ಆದರೆ ಮೆಕ್ಯಾನಿಕ್ ಹುಡುಗ ತುಂಬಾ ಒಳ್ಳೆಯವನು, ಕವರ್ ತೆಗೆದು ಕಪ್ಪು ಧೂಳು ಒರೆಸಿ, ಬೆಲ್ಟನ್ನು ಹಿಂದಕ್ಕೆ ಬಗ್ಗಿಸಿ ಹಲ್ಲುಗಳ ಸಂದಿಗೆ ಟಾರ್ಚ್ ಬಿಟ್ಟು ತೋರಿಸಿದ. ಒಂದು ಬಿರುಕೂ ಇಲ್ಲ. ಅಗಲ ಅಳೆದ, ಮಿತಿಯೊಳಗೇ ಇತ್ತು. ರೋಲರ್‌ಗಳೂ ಸವೆಯದೆ ಗುಂಡಗೇ ಇದ್ದವು.

ಕೊನೆಗೆ ಇಂಜಿನ್ ಆಯಿಲ್ 620, ಗೇರ್ ಆಯಿಲ್ 110, ಏರ್ ಫಿಲ್ಟರ್ 480, ಕೂಲೆಂಟ್ 450, ಪ್ಲಗ್ 280, ಲೇಬರ್ 900, ಅದರ ಮೇಲೆ 18% ಜಿಎಸ್‌ಟಿ 162. ಒಟ್ಟು 3,002.

ಹಿಂದಿನ ಚಕ್ರದ ಗೇರ್‌ಗೆ ಹಾಕುವ ಗೇರ್ ಆಯಿಲ್, ಇಂಜಿನ್ ಆಯಿಲ್‌ಗಿಂತ ಬೇರೆಯೇ ಇರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ. ಹಳೇದನ್ನು ಬಸಿದಾಗ ಬೂದು ಬಣ್ಣದ ನೀರಿನ ಹಾಗಿತ್ತು, ನೋಡಿ ಬೇಜಾರಾಯಿತು. ಹಿಂದಿನ ಬಿಲ್‌ಗಳನ್ನು ತೆಗೆದು ನೋಡಿದೆ, ಎಲ್ಲೂ ಅದರ ಹೆಸರೇ ಇಲ್ಲ. ಬೇಕಾದ್ದನ್ನು ಬಿಟ್ಟು ಬೇಡದ್ದಕ್ಕೆ ದುಡ್ಡು ಕೇಳುವುದು ತಪ್ಪು ಅಲ್ವಾ?

ಬೆಲ್ಟ್ ಮುಂದಿನ ಸರ್ವಿಸ್‌ನಲ್ಲಿ ಮತ್ತೆ ಬಿಚ್ಚಿಸುತ್ತೇನೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.