ಆಲೂಗಡ್ಡೆ ಜಿಬಿಎಸ್ ಡೇಟಾ: ಎಷ್ಟೋ ಮಾರ್ಕರ್‌ಗಳಲ್ಲಿ ಎಲ್ಲ ಗಿಡವೂ ಹೆಟೆರೊಜೈಗಸ್!

ಪ್ರಶ್ನೆ:
ಆಲೂಗಡ್ಡೆ ತಳಿಗಳ ಜಿಬಿಎಸ್ (ಡಿಎನ್‌ಎ ತುಣುಕುಗಳನ್ನು ಓದಿ ಜೀನೋಟೈಪ್ ತಿಳಿಯುವ ವಿಧಾನ) ಮೂಲಕ ಬಂದ ಎಸ್‌ಎನ್‌ಪಿ (ಡಿಎನ್‌ಎಯ ಒಂದಕ್ಷರದ ವ್ಯತ್ಯಾಸ) ಡೇಟಾ ಸೋಸುತ್ತಿದ್ದೇನೆ. ಎಷ್ಟೋ ಮಾರ್ಕರ್‌ಗಳಲ್ಲಿ ಎಲ್ಲ ಗಿಡವೂ ಹೆಟೆರೊಜೈಗಸ್ (ಎರಡೂ ರೂಪ ಇರುವುದು) ಅಂತ ಕಾಣುತ್ತಿದೆ. ಹಾರ್ಡಿ-ವೈನ್‌ಬರ್ಗ್ ಪರೀಕ್ಷೆ (ಜೀನೋಟೈಪ್‌ಗಳು ನಿರೀಕ್ಷಿತ ಪ್ರಮಾಣದಲ್ಲಿವೆಯಾ ಅಂತ ನೋಡುವುದು) ಹಾಕಿದರೆ ಮುಕ್ಕಾಲು ಪಾಲು ಮಾರ್ಕರ್ ಹೊರಗೆ ಹೋಗುತ್ತವೆ. ರೀಡ್ ಡೆಪ್ತ್ (ಒಂದು ಜಾಗವನ್ನು ಎಷ್ಟು ಸಲ ಓದಲಾಗಿದೆ ಅನ್ನುವ ಎಣಿಕೆ) ಮಿತಿ ಏರಿಸಿದರೂ ಅದೇ ಕಥೆ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ಹೇಗೆ ತಿಳಿಯುವುದು?

ಉತ್ತರ 1:
ನಿಮ್ಮ ಟೂಲ್ ಡಿಪ್ಲಾಯ್ಡ್ (ಪ್ರತಿ ಕ್ರೋಮೋಸೋಮ್‌ನ ಎರಡು ಪ್ರತಿ) ಲೆಕ್ಕ ಹಾಕುತ್ತಿದೆಯಾ, ಮೊದಲು ನೋಡಿ. ಎರಡೂ ಆಲೀಲ್ (ಒಂದು ಜಾಗದ ಪರ್ಯಾಯ ರೂಪಗಳು) ಸಮ ಇದ್ದಾಗ ಡಿಪ್ಲಾಯ್ಡ್‌ನಲ್ಲಿ ಶೇ. 50 ಗಿಡ ಹೆಟೆರೊಜೈಗಸ್ ಇರಬೇಕು. ಆಲೂಗಡ್ಡೆಯಂಥ ಆಟೊಟೆಟ್ರಾಪ್ಲಾಯ್ಡ್‌ನಲ್ಲಿ (ಒಂದೇ ಜಾತಿಯ ನಾಲ್ಕು ಪ್ರತಿ) ಅದು ಶೇ. 87.5. ಹಾಗಾಗಿ ಸರಿಯಾದ ಮಾರ್ಕರ್‌ಗಳೇ ಸುಮ್ನೆ ಕಸದ ಬುಟ್ಟಿಗೆ ಹೋಗುತ್ತಿರಬಹುದು.

ಉತ್ತರ 2:
ಅದು ನಿಜ. ಆದರೆ ಎಲ್ಲ ಗಿಡವೂ ಅಂದರೆ ನನಗೆ ಪ್ಯಾರಲಾಗ್ (ನಕಲಾಗಿ ಬೇರೆ ಜಾಗದಲ್ಲಿ ಕೂತ, ಹೋಲುವ ತುಣುಕು) ಮೇಲೇ ಅನುಮಾನ. ಜೀನೋಮ್‌ನ ಎರಡು ಜಾಗದ ರೀಡ್‌ಗಳು ರೆಫರೆನ್ಸ್ ಜೀನೋಮ್‌ನಲ್ಲಿ ಒಂದೇ ಜಾಗಕ್ಕೆ ಬಂದು ಕೂತಿವೆ. ಪ್ರತಿ ಗಿಡದ ಜೀನೋಟೈಪ್ ನಿರ್ಧರಿಸುವ ಮೊದಲೇ ಇದನ್ನು ಹಿಡಿಯಿರಿ, ಆಮೇಲೆ ತಪ್ಪು ಮುಚ್ಚಿಹೋಗುತ್ತದೆ. ಪಾಲಿರ್‍ಯಾಡ್‌ನಲ್ಲಿ (ಇದೊಂದು ಆರ್ ಪ್ಯಾಕೇಜ್) ಹಿಂಡ್/ಹೆಚ್‌ಇ (Hind/HE) ಅನ್ನುವ ಅಳತೆ ಇದೆ, ಬರೀ ರೀಡ್ ಎಣಿಕೆ ಸಾಕು. ಒಂದೇ ಗಿಡದಿಂದ ಎರಡು ರೀಡ್ ತೆಗೆದರೆ ಅವು ಬೇರೆ ಆಲೀಲ್ ಆಗುವ ಸಾಧ್ಯತೆ ಎಷ್ಟು? ಅದನ್ನು ಇಡೀ ಗುಂಪಿನ ನಿರೀಕ್ಷಿತ ಹೆಟೆರೊಜೈಗೋಸಿಟಿಯಿಂದ (ಇಡೀ ಗುಂಪಿನಿಂದ ಎರಡು ಆಲೀಲ್ ತೆಗೆದರೆ ಅವು ಬೇರೆ ಆಗುವ ಸಾಧ್ಯತೆ) ಭಾಗಿಸಿ. ಒಳಸಂಕರ (ಹತ್ತಿರದ ಸಂಬಂಧಿ ಗಿಡಗಳ ಸಂಕರ) ಇಲ್ಲದಿದ್ದರೆ ಡಿಪ್ಲಾಯ್ಡ್‌ಗೆ 0.5, ಟೆಟ್ರಾಪ್ಲಾಯ್ಡ್‌ಗೆ 0.75, ಹೆಕ್ಸಾಪ್ಲಾಯ್ಡ್‌ಗೆ (ಆರು ಪ್ರತಿ) ಸುಮಾರು 0.83 ಬರಬೇಕು. ಒಂದು ಜಾಗದಲ್ಲಿ ಬರೀ ಎ, ಇನ್ನೊಂದರಲ್ಲಿ ಬರೀ ಜಿ ಇದ್ದು ಎರಡೂ ಬೆರೆತರೆ? ಪ್ರತಿ ಗಿಡವೂ ಅರ್ಧ-ಅರ್ಧ ಕಾಣುತ್ತದೆ, ಅನುಪಾತ 1ರ ಹತ್ತಿರ ಹೋಗುತ್ತದೆ. ಅದು ಮಾರ್ಕರೇ ಅಲ್ಲ.

ಪ್ರಶ್ನೆ ಕೇಳಿದವರು:
ಹಾಕಿ ನೋಡಿದೆ. ಹಿಸ್ಟೋಗ್ರಾಮ್‌ನ ಶಿಖರ 0.6 ಹತ್ತಿರ ಇದೆ, 0.75 ಅಲ್ಲ! ಬಲಕ್ಕೆ 1ರವರೆಗೂ ಬಾಲ ಚಾಚಿದೆ. 0.75ಕ್ಕೇ ಕತ್ತರಿಸಲಾ?

ಉತ್ತರ 2:
ಬೇಡ. ರೀಡ್ ಎಣಿಕೆಯ ಏರುಪೇರು, ಒಳಸಂಕರ, ಗುಂಪಿನೊಳಗಿನ ಉಪಗುಂಪುಗಳು, ಇವೆಲ್ಲ ಶಿಖರವನ್ನು ಕೆಳಕ್ಕೆ ಎಳೆಯುತ್ತವೆ. ನಿಮ್ಮ ಶಿಖರವನ್ನೇ ನಂಬಿ. ಅದರಿಂದ ಒಳಸಂಕರದ ಅಂದಾಜು ತೆಗೆದು, ನಿಮ್ಮದೇ ಡೆಪ್ತ್ ಮತ್ತು ಸ್ಯಾಂಪಲ್ ಸಂಖ್ಯೆ ಇಟ್ಟು ಸಿಮ್ಯುಲೇಶನ್ ಮಾಡಿ. ಒಳ್ಳೆಯ ಮಾರ್ಕರ್ ಎಲ್ಲಿಯವರೆಗೆ ಹರಡುತ್ತದೆ ಅಂತ ಗೊತ್ತಾಗುತ್ತದೆ, ಅದರಾಚೆ ಕತ್ತರಿಸಿ. ಅಂದಹಾಗೆ, ಇದಕ್ಕೂ ಮೊದಲು ಪ್ರತಿ ಗಿಡದಲ್ಲಿ ಈ ಅನುಪಾತದ ಸರಾಸರಿ ನೋಡಿಕೊಳ್ಳಿ. ಒಂದೆರಡು ಗಿಡ ಉಳಿದವಕ್ಕಿಂತ ಜಾಸ್ತಿ ಇದ್ದರೆ ಡಿಎನ್‌ಎ ಬೆರಕೆಯಾಗಿರಬಹುದು, ಅವನ್ನು ತೆಗೆದೇ ಮುಂದೆ ಹೋಗಿ.

ಉತ್ತರ 1:
ಅಪರೂಪದ ಆಲೀಲ್ ಇರುವ ಮಾರ್ಕರ್‌ಗಳಲ್ಲಿ ಈ ಸಂಖ್ಯೆ ತುಂಬಾ ಜಿಗಿದಾಡುತ್ತದೆ. ಅವನ್ನು ಬೇರೆ ಇಟ್ಟು ಹಿಸ್ಟೋಗ್ರಾಮ್ ಹಾಕಿ. ಬಾಲದಲ್ಲಿ ಸಿಕ್ಕ ಮಾರ್ಕರ್‌ಗಳ ಒಟ್ಟು ಡೆಪ್ತ್ ಉಳಿದವುಗಳ ಎರಡರಷ್ಟು ಇದೆಯಾ ಅಂತಲೂ ನೋಡಿ. ಇದ್ದರೆ ಪ್ಯಾರಲಾಗ್ ಅನ್ನುವ ಅನುಮಾನ ಇನ್ನೂ ಗಟ್ಟಿ.