ಬೇರ್ಷೆಬ ಅಂದ್ರೆ ಏಳು ಬಾವಿನಾ? ನಮ್ಮ ಮನೆ ಗುಂಪಿನ ಜಗಳ

ದೊಡ್ಡಪ್ಪ: (ಫಾರ್ವರ್ಡ್) ಬೈಬಲ್ ಊರುಗಳ ಅರ್ಥ 🙏 ಬೇರ್ಷೆಬ – ಏಳು ಬಾವಿಗಳು. ಯೆರೂಸಲೇಮ್ – ಶಾಂತಿಯ ನಗರ. ಬಾಬೆಲ್ – ಗಲಿಬಿಲಿ. ಬೇತ್ಲೆಹೇಮ್ – ರೊಟ್ಟಿಯ ಮನೆ.

ಸ್ಯಾಮ್: ದೊಡ್ಡಪ್ಪ, ಮೊದಲನೇದೇ ತಪ್ಪು. ಹೀಬ್ರೂನಲ್ಲಿ ಬೆಏರ್ ಅಂದ್ರೆ ಒಂದೇ ಬಾವಿ, ಬಹುವಚನ ಬೆಏರೋತ್. ಏಳು ಬಾವಿ ಆಗಿದ್ರೆ ಶೆವ ಬೆಏರೋತ್ ಅಂತಿರಬೇಕಿತ್ತು.

ದೊಡ್ಡಪ್ಪ: ಮತ್ತೆ ಏಳು ಎಲ್ಲಿಂದ ಬಂತಪ್ಪ?

ಸ್ಯಾಮ್: ಕುರಿಯಿಂದ 😄 ಆದಿಕಾಂಡ 21:25ರಿಂದ ಓದಿ. ಗೆರಾರಿನ ಅರಸ ಅಬೀಮೆಲೆಕನ ಆಳುಗಳು ಬಾವಿ ಕಿತ್ಕೊಂಡಿದ್ರು. ಅದನ್ನ ತೋಡಿಸಿದ್ದು ತಾನೇ ಅನ್ನೋದಕ್ಕೆ ಸಾಕ್ಷಿಯಾಗಿ ಅಬ್ರಹಾಮ ಏಳು ಹೆಣ್ಣು ಕುರಿಮರಿ ಕೊಟ್ಟ.

ಪ್ರಭಾ ಅತ್ತೆ: ಅರ್ಧಕ್ಕೆ ನಿಲ್ಲಿಸ್ಬೇಡ ಸ್ಯಾಮ್. 31ನೇ ವಚನ ಕೊಡೋ ಕಾರಣ ಬೇರೆ: ಇಬ್ಬರೂ ಅಲ್ಲಿ ಆಣೆ ಇಟ್ಟರು. ಹೀಬ್ರೂನಲ್ಲಿ ಏಳಕ್ಕೂ ಆಣೆ ಇಡೋದಕ್ಕೂ ಅದೇ ಮೂರು ಅಕ್ಷರ: ಶಿನ್, ಬೇತ್, ಅಯಿನ್. ಕಥೆ ಎರಡನ್ನೂ ಬೇಕಂತಲೇ ಹೆಣೆದಿದೆ. 26:33ರಲ್ಲಿ ಅಬ್ರಹಾಮನ ಮಗ ಇಸಾಕನ ಬಾವಿಯಿಂದ ಅದೇ ಊರಿಗೆ ಮತ್ತೆ ಹೆಸರು ಬರುತ್ತೆ. ಅಲ್ಲಿ ಬೈಬಲ್‌ನ ಹಳೇ ಗ್ರೀಕ್ ಅನುವಾದ ಸೆಪ್ಟುಅಜಿಂಟ್ 'ಆಣೆ' ಅಂತ ಓದಿದೆ, ಲ್ಯಾಟಿನ್ ಅನುವಾದ ವಲ್ಗೇಟ್ 'ಸಮೃದ್ಧಿ' ಅಂತ! ಯಾಕಂದ್ರೆ 'ಶ' ಧ್ವನಿಯ ಶಿನ್, 'ಸ' ಧ್ವನಿಯ ಸಿನ್ ಎರಡಕ್ಕೂ ಬರೆಯೋದು ಒಂದೇ ಅಕ್ಷರ, ಸಿನ್ ಅಂತ ಓದಿದ್ರೆ ಸಮೃದ್ಧಿ ಆಗುತ್ತೆ; ಬೇರೆ ಮಾಡೋ ಚುಕ್ಕಿ ಬಂದಿದ್ದು ಶತಮಾನಗಳ ನಂತರ.

ದೊಡ್ಡಪ್ಪ: ಸರಿ ಬಿಡೇ. ಯೆರೂಸಲೇಮಿಗೆ ಇಬ್ರಿಯ 7:2 ಇದೆಯಲ್ಲ.

ಸ್ಯಾಮ್: ಅದು ಸಾಲೇಮಿನ ಅರಸನಿಗೆ 'ಸಮಾಧಾನದ ಅರಸ' ಅನ್ನುತ್ತೆ, ಅಷ್ಟೇ. 'ಯೆರೂ' ಬಗ್ಗೆ ಮಾತೇ ಇಲ್ಲ. ನಗರಕ್ಕೆ ಹೀಬ್ರೂ ಪದ ಈರ್, ಅದು ಅಯಿನ್‌ನಿಂದ ಶುರು. ಯೆರೂಸಲೇಮ್ ಯೋದ್ ಅನ್ನೋ ಅಕ್ಷರದಿಂದ. ಈಜಿಪ್ಟಲ್ಲಿ ಸಿಕ್ಕ ಕ್ರಿ.ಪೂ. 14ನೇ ಶತಮಾನದ ಅಮರ್ನಾ ಪತ್ರಗಳಲ್ಲೇ ಉರುಸಲಿಮ್ ಅಂತಿದೆ, ರಾಜ ದಾವೀದನಿಗೆ 300ಕ್ಕೂ ಹೆಚ್ಚು ವರ್ಷ ಮುಂಚೆ. ಹೆಚ್ಚಿನ ಪಂಡಿತರು ಒಪ್ಪೋದು 'ಶಾಲೇಮನ ಅಸ್ತಿವಾರ' ಅಂತ. ಸಿರಿಯಾದ ಪ್ರಾಚೀನ ಊರು ಉಗಾರಿತ್‌ನ ಮಣ್ಣಿನ ಹಲಗೆಗಳಲ್ಲಿ ಈ ಶಾಲೇಮ್, ಅಂದ್ರೆ ಶಾಲಿಮ್, ಮುಸ್ಸಂಜೆಯ ದೇವರು.

ದೊಡ್ಡಪ್ಪ: ಪವಿತ್ರ ನಗರಕ್ಕೆ ಅನ್ಯದೇವರ ಹೆಸರಾ? ಚರ್ಚಲ್ಲಿ ಹೇಳ್ಬೇಡ ಮಾರಾಯ.

ಪ್ರಭಾ ಅತ್ತೆ: ಅಣ್ಣ, ಊರು ಇಸ್ರಾಯೇಲ್ಯರ ಕೈಗೆ ಬರೋ ಮುಂಚಿನ ಹೆಸರದು, ಅದರಲ್ಲೇನು ಮುಜುಗರ? ಬಾಬೆಲ್, ಅಂದ್ರೆ ಬಾಬಿಲೋನ್, ನೋಡು. ಆ ಊರಿನವರ ಅಕ್ಕಾಡಿಯನ್ ಭಾಷೆಲಿ ಬಾಬ್-ಇಲಿ, ದೇವರ ಬಾಗಿಲು. ಆದಿಕಾಂಡ 11:9 ಅದನ್ನ 'ಬಾಲಲ್', ಅಂದ್ರೆ ಕಲಸು, ಅನ್ನೋದಕ್ಕೆ ತಳುಕು ಹಾಕಿ ಕುಟುಕಿದೆ.

ಪ್ರೀತಿ: ಬೇತ್ಲೆಹೇಮ್ ಉಳೀತಾ?

ಸ್ಯಾಮ್: ಉಳೀತು. ಬೇತ್ ಮನೆ, ಲೆಹೆಮ್ ರೊಟ್ಟಿ. ಅರಬ್ಬಿಲಿ ಲಹ್ಮ್ ಅಂದ್ರೆ ಮಾಂಸ, ಹಾಗಾಗಿ ಈಗ ಅಲ್ಲಿನವರಿಗೆ ಬೈತ್ ಲಹ್ಮ್. ಲಹ್ಮು ಅನ್ನೋ ಮೆಸೊಪೊಟೇಮಿಯಾದ ದೇವರ ಗುಡಿ ಅಲ್ಲಿ ಇತ್ತು ಅನ್ನೋದು ಬರೀ ಊಹೆ.

ದೊಡ್ಡಪ್ಪ: ಈ ಲಹ್ಮು ಯಾರೋ ಇನ್ನೊಬ್ಬ!