ಬ್ಯಾನ್ ಮಾಡಬೇಕೇ, ತಿದ್ದಬೇಕೇ? ಅಭಿಮಾನಿಗಳ ಕಾಳಗದಾಟದ ನಿಯಮಗಳ ಕುರಿತು ಅನುಭವ ಹಂಚಿಕೆ

ಬಸವನಗುಡಿಯಿಂದ ಬಂದ ಪ್ರಶ್ನೆ

ನಾವು ಕೆಲವು ಗೆಳೆಯರು ಪೋಕೆಮಾನ್ ಮಾದರಿಯಲ್ಲಿ ನಮ್ಮದೇ ಪ್ರಾಣಿಗಳನ್ನು ಕಲ್ಪಿಸಿಕೊಂಡು, ಬ್ರೌಸರಿನಲ್ಲಿ ಆಡಬಹುದಾದ ಕಾಳಗದಾಟವೊಂದನ್ನು ನಡೆಸುತ್ತಿದ್ದೇವೆ. ಭಾನುವಾರಗಳಂದು ಕಬ್ಬನ್ ಪಾರ್ಕಿನಲ್ಲಿ ಸೇರುತ್ತೇವೆ. ಈಚೆಗೆ ಆಟಕ್ಕಿಂತ ವಾದಕ್ಕೇ ಹೆಚ್ಚು ಹೊತ್ತು ಹೋಗುತ್ತಿದೆ. ‘ಜೋಗುಳ’ ಎಂಬ ನಮ್ಮ ಮೂವ್ (ಪ್ರಾಣಿ ತನ್ನ ಸರದಿಯಲ್ಲಿ, ಅಂದರೆ ಟರ್ನ್‌ನಲ್ಲಿ, ಹೂಡುವ ಪಟ್ಟು) ಎದುರಾಳಿಯನ್ನು ಒಂದರಿಂದ ಮೂರು ಟರ್ನ್ ಮಲಗಿಸುತ್ತದೆ. ಅದರ ಆಕ್ಯುರೆಸಿ, ಅಂದರೆ ನೂರಕ್ಕೆ ಎಷ್ಟು ಸಲ ತಗಲುತ್ತದೆಂಬುದು, 75. ಅತ್ಯಂತ ವೇಗದ ಪ್ರಾಣಿಯಾದ ಬಾವಲಿಗೆ ಈ ಮೂವ್ ದೊರೆತ ಮೇಲೆ ಅದನ್ನು ಬ್ಯಾನ್ ಮಾಡಬೇಕೆಂದು ಅರ್ಧ ಗುಂಪು ಪಟ್ಟು ಹಿಡಿದಿದೆ. ಇನ್ನೊಂದು ತಕರಾರು ‘ಚೇತರಿಕೆ’ಯದು: ಅದು ಒಮ್ಮೆಗೆ ಅರ್ಧ ಎಚ್‌ಪಿ (ಪ್ರಾಣಿಯ ಜೀವಬಲ) ಮರಳಿಸುವುದರಿಂದ ಕೆಲವು ಪಂದ್ಯಗಳು ಮುಗಿಯುವುದೇ ಇಲ್ಲ. ಸೋತವರು ವಾರಕ್ಕೊಂದು ಹೊಸ ನಿಯಮ ಕೇಳುತ್ತಾರೆ. ಇಂಥ ಆಟಗಳನ್ನು ನಡೆಸಿದವರು ಇವನ್ನೆಲ್ಲ ಹೇಗೆ ತೀರ್ಮಾನಿಸಿದಿರಿ?

ಮಲ್ಲೇಶ್ವರದಿಂದ

ನಿಮ್ಮ ಗುಂಪಿನವರು ‘ಬ್ಯಾನ್’ ಎಂಬ ಪರಿಹಾರವನ್ನು, ಪೋಕೆಮಾನ್ ಪಂದ್ಯಗಳಿಗೆ ನಿಯಮ ರೂಪಿಸುವ ಸ್ಮೋಗನ್ ಸಮುದಾಯದಿಂದ ಕಲಿತಿರಬೇಕು ಎಂದು ಊಹಿಸುತ್ತೇನೆ. ಹಾಗಿದ್ದರೆ, ಅಲ್ಲಿ ನಿಷೇಧವೇ ಮುಖ್ಯ ಉಪಾಯವಾದದ್ದು ಏಕೆಂಬುದನ್ನು ಮೊದಲು ಗಮನಿಸಬೇಕು. 2004ರಲ್ಲಿ ಆರಂಭವಾದ ಸ್ಮೋಗನ್ ಆಗಲಿ, ಅದರ ಪಂದ್ಯಗಳು ನಡೆಯುವ ಪೋಕೆಮಾನ್ ಶೋಡೌನ್ ಎಂಬ ಸಿಮ್ಯುಲೇಟರ್ ಆಗಲಿ ಅಭಿಮಾನಿಗಳೇ ನಡೆಸುವಂಥವು. ಆದರೆ ಮೂವ್‌ಗಳ ಅಂಕಿಗಳನ್ನು ನಿರ್ಧರಿಸುವುದು ಜಪಾನಿನ ಗೇಮ್ ಫ್ರೀಕ್ ಸಂಸ್ಥೆ. ಮೂಲ ಆಟದಲ್ಲಿ ಇರುವಂತೆಯೇ ಆಡಬೇಕೆಂಬ ತತ್ವಕ್ಕೆ ಅಂಟಿಕೊಂಡಿರುವುದರಿಂದ ಯಾವುದೋ ಮೂವ್‌ನ ಪವರ್ ಇಳಿಸುವ ದಾರಿ ಆ ಅಭಿಮಾನಿಗಳಿಗಿಲ್ಲ, ಹೊರಗಿಡುವುದೊಂದೇ ಉಳಿದಿರುವ ದಾರಿ. ನಿಮಗೆ ಆ ಕಟ್ಟುಪಾಡಿಲ್ಲ. ಅಂಕಿಗಳು ನಿಮ್ಮ ಕೈಯಲ್ಲೇ ಇರುವಾಗ ಬ್ಯಾನ್ ಎಂಬುದು ಕೊನೆಯ ಮಾತಾಗಬೇಕು.

ನಿದ್ದೆಯ ವಿಷಯದಲ್ಲಿ ಅಲ್ಲಿ ನಡೆದದ್ದನ್ನು ಹೇಳುವುದು ಇಲ್ಲಿ ಪ್ರಸ್ತುತ. ಎದುರಾಳಿಯ ಒಂದು ಪ್ರಾಣಿ ಮಲಗಿರುವಾಗ ಇನ್ನೊಂದನ್ನು ಮಲಗಿಸುವಂತಿಲ್ಲ ಎಂಬ ‘ಸ್ಲೀಪ್ ಕ್ಲಾಝ್’ ಬಹುಕಾಲ ಜಾರಿಯಲ್ಲಿತ್ತು. ಮೂಲ ಆಟದಲ್ಲಿ ಇಲ್ಲದ ಈ ತಡೆಯನ್ನು ಸಿಮ್ಯುಲೇಟರಿನಲ್ಲಿ ಪ್ರತ್ಯೇಕವಾಗಿ ಅಳವಡಿಸಬೇಕಾಗಿತ್ತು. ಅಂದರೆ ಅವರದೇ ತತ್ವಕ್ಕೆ ಅದೊಂದು ಅಪವಾದ. ಕೊನೆಗೆ 2024ರಲ್ಲಿ ಒಂಬತ್ತನೆಯ ಪೀಳಿಗೆಯ ಪೋಕೆಮಾನ್ ಆಟಗಳ ಮುಖ್ಯ ವಿಭಾಗವಾದ ಓಯುನಲ್ಲಿ ಮಲಗಿಸುವ ಮೂವ್‌ಗಳನ್ನೇ ನಿಷೇಧಿಸಿದರು. ನಿಮ್ಮ ಆಟದಲ್ಲಿ ಅಂಥ ಕ್ಲಾಝ್ ಇದೆಯೋ ಇಲ್ಲವೋ ನೀವು ತಿಳಿಸಿಲ್ಲ. ಇಲ್ಲದಿದ್ದರೆ ಇಂದೇ ಸೇರಿಸಿ, ಅದಾದ ಮೇಲೆ ಉಳಿದ ಚರ್ಚೆ.

ಇನ್ನು ದೋಷ ಮೂವ್‌ನಲ್ಲಿದೆಯೇ, ಪ್ರಾಣಿಯಲ್ಲಿದೆಯೇ, ಅವೆರಡರ ಜೋಡಿಯಲ್ಲಿದೆಯೇ ಎಂಬ ಪ್ರಶ್ನೆ. ಪೋಕೆಮಾನ್‌ನಲ್ಲಿ ಲಾಸ್ಟ್ ರೆಸ್ಪೆಕ್ಟ್ಸ್ ಎಂಬ ಮೂವ್‌ನ ಪವರ್ 50ರಿಂದ ಶುರುವಾಗಿ, ತನ್ನ ತಂಡದಲ್ಲಿ ಬಿದ್ದ ಪ್ರತಿ ಪ್ರಾಣಿಗೆ ಮತ್ತೆ 50ರಂತೆ ಏರುತ್ತದೆ. ಆರು ಜನರ ತಂಡದಲ್ಲಿ ಕೊನೆಗೆ ಉಳಿದವನ ಕೈಯಲ್ಲಿ ಅದು 300. ಅದನ್ನು ಬಳಸುತ್ತಿದ್ದ ಹೌಂಡ್‌ಸ್ಟೋನ್ ಆ ಮೂವ್ ಇಲ್ಲದಿದ್ದರೆ ತೀರ ಸಾಧಾರಣ ಪ್ರಾಣಿ. ಆದ್ದರಿಂದ ನಿಷೇಧ ಮೂವ್ ಮೇಲೆ ಬಿತ್ತು. ನಿಮ್ಮಲ್ಲಿ ಪರಿಸ್ಥಿತಿ ತಿರುಗುಮುರುಗಾಗಿರುವಂತೆ ಕಾಣುತ್ತದೆ. ನಿಧಾನದ ಪ್ರಾಣಿಗಳ ಬಳಿ ಜೋಗುಳ ಇದ್ದಾಗ ಯಾರೂ ದೂರಲಿಲ್ಲವೆಂದರೆ, ಬಾವಲಿಯ ಪಟ್ಟಿಯಿಂದ ಅದೊಂದನ್ನು ತೆಗೆದರೆ ಸಾಕು. ನೂರಕ್ಕೆ ನೂರು ತಗಲುವ ಸ್ಪೋರ್ ಎಂಬ ಮಲಗಿಸುವ ಮೂವ್‌ಅನ್ನು ಗೇಮ್ ಫ್ರೀಕ್ ಕೂಡ ಬಹುಪಾಲು ನಿಧಾನದವಕ್ಕೇ ಕೊಟ್ಟಿದೆ: ಪ್ಯಾರಾಸೆಕ್ಟ್, ಅಮೂಂಗಸ್ ಎರಡರ ಸ್ಪೀಡ್ ಕೂಡ ಬರೀ 30. ಸ್ಪೀಡ್ 100 ಇರುವ ಟೋಡ್‌ಸ್ಕ್ರುಯೆಲ್‌ಗೆ 2022ರಲ್ಲಿ ಸ್ಪೋರ್ ಕೊಟ್ಟಾಗ, ಅದರ ಸ್ಟೇಟಸ್ ಮೂವ್‌ಗಳು (ನೇರವಾಗಿ ಹೊಡೆಯದೆ ಮಲಗಿಸುವಂಥ ಪರಿಣಾಮ ಬೀರುವವು) ಎದುರಾಳಿಯ ಮೂವ್ ಆದ ನಂತರವೇ ನಡೆಯುವಂಥ ಅಬಿಲಿಟಿಯನ್ನೂ (ಪ್ರಾಣಿಗೆ ಸಹಜವಾಗಿರುವ ಗುಣ) ಜೊತೆಗೆ ಕಟ್ಟಿದರು. ಬಾವಲಿಯ ಅಭಿಮಾನಿಗಳು ಜೋಗುಳವನ್ನು ಬಿಟ್ಟುಕೊಡಲು ಒಪ್ಪದಿದ್ದರೆ ಈ ಉಪಾಯವನ್ನು ನೀವೂ ಪ್ರಯೋಗಿಸಬಹುದು.

ವಿಜಯನಗರದಿಂದ

ಮೇಲಿನವರ ಮಾತಿಗೆ ನನ್ನ ಒಪ್ಪಿಗೆ ಅರ್ಧ ಮಾತ್ರ. ಅಂಕಿಗಳು ನಮ್ಮ ಕೈಯಲ್ಲಿವೆ ಎಂಬ ಧೈರ್ಯವೇ ನಮ್ಮ ಹಳೆಯ ಗುಂಪನ್ನು ಒಡೆಯಿತು. ಯಾವ ಮೂವ್ ಎಷ್ಟು ಹೊಡೆಯುತ್ತದೆಂದು ಬಾಯಿಪಾಠ ಮಾಡಿಕೊಂಡು ಬಂದವರಿಗೆ ಪ್ರತಿ ವಾರವೂ ಹೊಸ ಪಟ್ಟಿ ಎದುರಾಗತೊಡಗಿದಾಗ, ಶ್ರದ್ಧೆಯಿಂದ ತಂಡ ಕಟ್ಟುತ್ತಿದ್ದವರೇ ಮೊದಲು ಬರುವುದನ್ನು ನಿಲ್ಲಿಸಿದರು. ಬ್ಯಾನ್ ಒರಟಾದ ಪರಿಹಾರವೇ ಸರಿ, ಆದರೆ ಅದನ್ನು ನೆನಪಿಟ್ಟುಕೊಳ್ಳುವುದು ಸುಲಭ. ತಿದ್ದುವುದಾದರೆ ಒಂದು ಸಲಕ್ಕೆ ಒಂದೇ ಅಂಕಿಯನ್ನು ತಿದ್ದಿ, ಅದರ ಪರಿಣಾಮ ಕಾಣುವವರೆಗೆ ಇನ್ನೊಂದನ್ನು ಮುಟ್ಟಬೇಡಿ. ದೊಡ್ಡ ಸಂಸ್ಥೆಯವರೂ ಇಂಥಲ್ಲಿ ತಡವರಿಸಿದ್ದಾರೆ: ಮಲಗಿಸುವ ಮೂವ್ ಆದ ಹಿಪ್ನಾಸಿಸ್‌ನ ಆಕ್ಯುರೆಸಿಯನ್ನು 2006ರ ಡೈಮಂಡ್ ಮತ್ತು ಪರ್ಲ್ ಆಟಗಳಲ್ಲಿ 60ರಿಂದ 70ಕ್ಕೆ ಏರಿಸಿ, 2008ರ ಪ್ಲಾಟಿನಮ್‌ನಲ್ಲಿ ಮತ್ತೆ 60ಕ್ಕೆ ಇಳಿಸಿದರು.

ರಾಜಾಜಿನಗರದಿಂದ

ವಾದಕ್ಕಿಂತ ಮೊದಲು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಒಂದು, ಎರಡು, ಮೂರು ಟರ್ನ್‌ಗಳ ಸಂಭವ ಸಮಾನವೆಂದು ಇಟ್ಟುಕೊಂಡರೆ ಜೋಗುಳದಿಂದ ಎದುರಾಳಿ ಕಳೆದುಕೊಳ್ಳುವುದು ಸರಾಸರಿ 2 ಟರ್ನ್. ಆಕ್ಯುರೆಸಿ 75 ಆದ್ದರಿಂದ ತಪ್ಪಿದ ಸಲಗಳನ್ನೂ ಸೇರಿಸಿದರೆ 1.5. ಅಂದರೆ ಬಾವಲಿ ತನ್ನ ಒಂದು ಟರ್ನ್ ಖರ್ಚು ಮಾಡಿ ಒಂದೂವರೆ ಟರ್ನ್ ಗಳಿಸುತ್ತದೆ, ಅದೂ ಮೊದಲು ಕೈಯೆತ್ತುವ ಅನುಕೂಲದೊಂದಿಗೆ. ಆಕ್ಯುರೆಸಿಯನ್ನು 60ಕ್ಕೆ ಇಳಿಸಿದರೆ ಗಳಿಕೆ 1.2 ಆಗುತ್ತದೆ. ಆಕ್ಯುರೆಸಿ 75 ಇದ್ದಹಾಗೆಯೇ ಇರಲಿ, ನಿದ್ದೆ ಒಂದರಿಂದ ಎರಡು ಟರ್ನ್ ಮಾತ್ರ ಎಂದರೆ 1.125. ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ, ಏಕೆಂದರೆ ಮೂರು ಟರ್ನ್ ಸುಮ್ಮನೆ ಕುಳಿತವನಿಗೆ ಬರುವ ಸಿಟ್ಟು, ಮೂವ್ ತಪ್ಪಿದವನಿಗೆ ಬರುವ ಸಿಟ್ಟಿಗಿಂತ ದೊಡ್ಡದು. ನಿಯಮದ ವಾದಗಳು ಹುಟ್ಟುವುದು ಬಹುಮಟ್ಟಿಗೆ ಅಂಥ ಸಿಟ್ಟಿನಿಂದಲೇ.

ಸರಾಸರಿಯನ್ನೇ ನಂಬಿ ಕೂರುವುದೂ ಅಪಾಯಕರ. ಪೋಕೆಮಾನ್‌ನಲ್ಲಿ 110 ಪವರ್, 70 ಆಕ್ಯುರೆಸಿಯ ಮೂವ್ ಆದ ಥಂಡರ್‌ನ ಸರಾಸರಿ 77. ಎಂದೂ ತಪ್ಪದ ಥಂಡರ್‌ಬೋಲ್ಟ್‌ನದು 90. ಕಾಗದದ ಮೇಲೆ ಥಂಡರ್ ಕಳಪೆ. ಆದರೆ ಎದುರಾಳಿಯನ್ನು ಬೀಳಿಸಲು ಥಂಡರ್‌ಬೋಲ್ಟ್‌ನ ಎರಡು ಏಟು ಬೇಕಾಗಿ ಥಂಡರ್‌ನ ಒಂದೇ ಏಟು ಸಾಕಾಗುವ ಸನ್ನಿವೇಶದಲ್ಲಿ ಆಟಗಾರ ಆ 70ನ್ನು ಸಂತೋಷದಿಂದ ಒಪ್ಪಿಕೊಳ್ಳುತ್ತಾನೆ. ಎರಡು ಏಟು ಸತತವಾಗಿ ತಗಲಬೇಕಾದಾಗ ಮಾತ್ರ ಸಂಭವ ಶೇಕಡಾ 49ಕ್ಕೆ ಕುಸಿಯುತ್ತದೆ. ಆದ್ದರಿಂದ ಪ್ರತಿ ಮೂವ್‌ಅನ್ನೂ ‘ಎಷ್ಟು ಏಟಿಗೆ ಬೀಳುತ್ತದೆ’ ಎಂಬ ಪಟ್ಟಿಯಿಂದಲೇ ಅಳೆಯಬೇಕು.

ಚೇತರಿಕೆಗೂ ಅದೇ ಪಟ್ಟಿ ಉತ್ತರ ಹೇಳುತ್ತದೆ. ಅರ್ಧ ಎಚ್‌ಪಿ ಮರಳುವ ಆಟದಲ್ಲಿ ಅರ್ಧಕ್ಕಿಂತ ಕಡಿಮೆ ಹೊಡೆಯುವ ಏಟಿಗೆ, ಕ್ರಿಟಿಕಲ್ ಹಿಟ್ (ಅದೃಷ್ಟದಿಂದ ಹೆಚ್ಚು ಬಲವಾಗಿ ಬೀಳುವ ಏಟು) ಬಾರದಿದ್ದರೆ, ಬೆಲೆಯೇ ಇಲ್ಲ. ನಿಮ್ಮ ಬಲವಾದ ಮೂವ್‌ಗಳು ಗಟ್ಟಿ ಪ್ರಾಣಿಗಳ ಮೇಲೆ ಶೇಕಡಾ 40ರ ಆಸುಪಾಸಿನಲ್ಲಿ ನಿಂತಿದ್ದರೆ ಪಂದ್ಯ ಮುಗಿಯದಿರುವುದು ಸಹಜ. ಪೋಕೆಮಾನ್‌ನಲ್ಲಿ ಇಂಥದೇ ಮೂವ್ ಆದ ರಿಕವರ್‌ನ ಪಿಪಿಯನ್ನು (ಎಷ್ಟು ಸಲ ಬಳಸಬಹುದೆಂಬ ಮಿತಿ) 2022ರಲ್ಲಿ 10ರಿಂದ 5ಕ್ಕೆ ಇಳಿಸಿದ್ದನ್ನು ನೀವು ಅನುಸರಿಸಬಹುದು. ಇಲ್ಲವೇ ಟಾಕ್ಸಿಕ್‌ನಂಥ ಏರುತ್ತಾ ಹೋಗುವ ವಿಷವನ್ನು ಸೇರಿಸಿ: ಮೊದಲ ಟರ್ನ್‌ಗೆ ಹದಿನಾರರಲ್ಲಿ 1 ಪಾಲು, ನಂತರ 2, ನಂತರ 3, ಐದು ಟರ್ನ್‌ಗೆ ಒಟ್ಟು ಹದಿನಾರರಲ್ಲಿ 15 ಪಾಲು. ಎಷ್ಟು ಚೇತರಿಸಿಕೊಂಡರೂ ಅದರ ಜೊತೆ ಹೆಚ್ಚು ಕಾಲ ಓಡಲಾಗದು. ಆದರೆ ಅದನ್ನು ಎಲ್ಲ ಪ್ರಾಣಿಗಳಿಗೂ ಹಂಚಬೇಡಿ.

ಯಲಹಂಕದಿಂದ

ಅಂಕಿಗಳ ಬಗ್ಗೆ ಬಲ್ಲವರು ಹೇಳಿದ್ದಾರೆ. ನಿಮ್ಮ ನಿಜವಾದ ತೊಡಕು ಕೊನೆಯ ಸಾಲಿನಲ್ಲಿದೆ ಎಂದು ನನಗನ್ನಿಸುತ್ತದೆ: ಸೋತವರು ನಿಯಮ ಕೇಳುತ್ತಾರೆ. ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂದು ಕೆಲವು ಮನೆಗಳಲ್ಲಿ ಇದೆ, ಕೆಲವು ಮನೆಗಳಲ್ಲಿ ಇಲ್ಲ. ಎರಡೂ ಕಡೆ ಆಟ ಚೆನ್ನಾಗಿಯೇ ನಡೆಯುತ್ತದೆ, ಕವಡೆ ಹಾಕುವ ಮೊದಲೇ ಮಾತಾಗಿರಬೇಕು ಅಷ್ಟೆ.

ಸ್ಮೋಗನ್‌ನ ವಿಧಾನವನ್ನು ಪೂರ್ತಿಯಾಗಿ ಅನುಸರಿಸಲು ನಿಮಗೆ ಸಾಧ್ಯವಿಲ್ಲ. ಅಲ್ಲಿ ಒಂದು ಪ್ರಾಣಿ ಮೇಲಿನ ವಿಭಾಗಕ್ಕೆ ಸೇರಲು ಶೇಕಡಾ 4.52ರ ಬಳಕೆ ಇರಬೇಕು, ಎಂದರೆ 15 ಪಂದ್ಯ ಆಡಿದವನಿಗೆ ಅದು ಒಮ್ಮೆಯಾದರೂ ಎದುರಾಗುವ ಸಂಭವ ಅರ್ಧದಷ್ಟಿರಬೇಕು. ಅಷ್ಟು ಸೂಕ್ಷ್ಮವಾದ ಲೆಕ್ಕಕ್ಕೆ ಅಪಾರ ಸಂಖ್ಯೆಯ ಪಂದ್ಯಗಳು ಬೇಕು. ಏನನ್ನಾದರೂ ಬ್ಯಾನ್ ಮಾಡಬೇಕೇ ಎಂದು ಅವರು ಮತಕ್ಕೆ ಹಾಕುವ ‘ಸಸ್ಪೆಕ್ಟ್ ಟೆಸ್ಟ್’ನಿಂದ ಮಾತ್ರ ಎರಡು ಸಂಗತಿಗಳನ್ನು ತೆಗೆದುಕೊಳ್ಳಬಹುದು. ಮತ ಹಾಕುವವರು ಆಗಿನ ನಿಯಮದಲ್ಲೇ ಆಡಿ ಒಂದು ಮಟ್ಟದ ಅಂಕ ಗಳಿಸಿರಬೇಕು; ಓಯುನಲ್ಲಿ ಬ್ಯಾನ್ ಆಗಲು ಶೇಕಡಾ 60 ಮತ ಬೀಳಬೇಕು. ಸರಳ ಬಹುಮತಕ್ಕೆ ಬಿಟ್ಟರೆ ಒಬ್ಬರು ಮನಸ್ಸು ಬದಲಿಸಿದಾಗಲೆಲ್ಲ ನಿಯಮವೂ ಹೊರಳುತ್ತದೆ.

ನಮ್ಮ ಗುಂಪಿನಲ್ಲಿ ಇದಕ್ಕೆ ಒಂದು ಷರತ್ತನ್ನು ಸೇರಿಸಿದ್ದೇವೆ, ಅದು ಫಲಕಾರಿಯಾಗಿದೆ. ಒಂದು ಮೂವ್ ವಿರುದ್ಧ ದೂರು ತರುವವರು ಮೊದಲು ಆ ಮೂವ್‌ಅನ್ನು ತಾವೇ ಬಳಸಿ ಆಡಿ, ಗೆದ್ದ ಮತ್ತು ಸೋತ ಪಂದ್ಯಗಳೆರಡರ ದಾಖಲೆಯನ್ನೂ ಮುಂದಿಡಬೇಕು. ಅನೇಕ ದೂರುಗಳು ಅಲ್ಲಿಯೇ ಕರಗುತ್ತವೆ. ಸೋತ ದಿನವೇ ಮತಕ್ಕೆ ಹಾಕುವುದಿಲ್ಲ. ಎಲ್ಲರಿಗೂ ಕಣ್ಣಿಗೆ ಹೊಡೆಯುವಂಥ ದೋಷವಿದ್ದರೆ ಕಾಯುವ ಅಗತ್ಯವಿಲ್ಲ: 2019ರ ನವೆಂಬರಿನಲ್ಲಿ ಬಂದ, ಪ್ರಾಣಿಯನ್ನು ಮೂರು ಟರ್ನ್ ದೈತ್ಯವಾಗಿಸುವ ಡೈನಮ್ಯಾಕ್ಸ್ ಅನ್ನು ಓಯುನಲ್ಲಿ ಡಿಸೆಂಬರಿನಲ್ಲೇ ನಿಷೇಧಿಸಿದರು.

ಬಸವನಗುಡಿಯಿಂದ ಮತ್ತೆ

ಎಲ್ಲರಿಗೂ ಧನ್ಯವಾದಗಳು. ಸ್ಲೀಪ್ ಕ್ಲಾಝ್ ನಮ್ಮಲ್ಲಿ ಇರಲಿಲ್ಲ. ಈ ವಾರ ಸೇರಿಸಿದೆವು. ಜೋಗುಳದ ನಿದ್ದೆಯನ್ನು ಎರಡು ಟರ್ನ್‌ಗೆ ಮಿತಿಗೊಳಿಸುವುದಕ್ಕೂ, ದೂರು ತರುವವರು ಮೊದಲು ತಾವೇ ಆಡಿ ತೋರಿಸಬೇಕೆಂಬುದಕ್ಕೂ ಒಪ್ಪಿಗೆಯಾಗಿದೆ. ಒಂದು ಸಲಕ್ಕೆ ಒಂದೇ ತಿದ್ದುಪಡಿ ಎಂಬ ಮಾತಿನಂತೆ ಚೇತರಿಕೆಯನ್ನು ಸದ್ಯಕ್ಕೆ ಮುಟ್ಟಿಲ್ಲ. ಬಾವಲಿಯನ್ನು ಆಡಿಸುವವರು ಮಾತ್ರ, ಜೋಗುಳ ಕೊನೆಯಲ್ಲಿ ನಡೆಯುವಂತೆ ಮಾಡುವ ಅಬಿಲಿಟಿಯನ್ನು ಒಪ್ಪಿಲ್ಲ. ಅದರ ವಿರುದ್ಧದ ದಾಖಲೆಗಳನ್ನು ಮುಂದಿನ ಭಾನುವಾರ ತರುವುದಾಗಿ ಹೇಳಿದ್ದಾರೆ.